ಫಾಸ್ಟ್‌ಎಪಿಐ ಫುಲ್‌ಸ್ಟ್ಯಾಕ್ ಟೆಂಪ್ಲೇಟ್: ಆರು ತಿಂಗಳು ಬಳಸಿ ನೋಡಿದ್ದು

ನಾವು ಮೂರು ಜನ ಸೇರಿ ಹಾಸ್ಟೆಲ್ ಮೆಸ್‌ಗಳ ಲೆಕ್ಕಕ್ಕೆ ಒಂದು ಬ್ಯಾಕೆಂಡ್ (ಸರ್ವರ್ ಕಡೆಯ ಪ್ರೋಗ್ರಾಮ್) ಕಟ್ಟುತ್ತಿದ್ದೇವೆ. ಯಾರು ಎಷ್ಟು ಊಟ ಮಾಡಿದರು, ತಿಂಗಳ ಬಿಲ್ ಎಷ್ಟು, ಬಾಕಿ ಯಾರದು, ಇಷ್ಟೇ. ಪೈಥಾನಿನಲ್ಲಿ ಎಪಿಐ (ಆ್ಯಪ್‌ಗಳು ಸರ್ವರ್ ಜೊತೆ ಮಾತಾಡುವ ದಾರಿ) ಕಟ್ಟಲು ಫಾಸ್ಟ್‌ಎಪಿಐ ಅಂತ ಫ್ರೇಮ್‌ವರ್ಕ್ ಇದೆ. ಮೊದಲಿನಿಂದ ಬರೆಯುವ ಬದಲು ಫಾಸ್ಟ್‌ಎಪಿಐನವರದ್ದೇ ಫುಲ್‌ಸ್ಟ್ಯಾಕ್ ಟೆಂಪ್ಲೇಟ್ (ಬ್ಯಾಕೆಂಡ್, ಬ್ರೌಸರಿನ ಮುಂಭಾಗ ಎರಡೂ ಇರುವ ಸಿದ್ಧ ಕೋಡ್) ತೆಗೆದುಕೊಂಡೆವು. 2018ರಲ್ಲಿ ಫಾಸ್ಟ್‌ಎಪಿಐ ತಂದ ಸೆಬಾಸ್ಟಿಯನ್ ರಾಮಿರೆಜ್ ಅವರೇ ಇದನ್ನೂ ಶುರು ಮಾಡಿದ್ದು. ಎಂಐಟಿ ಲೈಸೆನ್ಸ್, ಪುಕ್ಕಟೆ. ನನಗೆ ತುಂಬಾ ಇಷ್ಟವಾಗಿದೆ. ಆದರೆ ಅಸಿಂಕ್ (ಒಂದು ಕೆಲಸ ಉತ್ತರಕ್ಕೆ ಕಾಯುವಾಗ ಇನ್ನೊಂದನ್ನು ನಡೆಸುವ) ಬ್ಯಾಕೆಂಡ್ ಬೇಕು ಅಂತಲೇ ಇದನ್ನು ಎತ್ತಿಕೊಳ್ಳುವವರು ಒಂದು ವಿಷಯ ತಿಳಿದಿರಬೇಕು, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಇಷ್ಟವಾದದ್ದು. ಡಾಕರ್ ಅಂದರೆ ಆ್ಯಪನ್ನು ಅದಕ್ಕೆ ಬೇಕಾದದ್ದರ ಜೊತೆ ಕಟ್ಟಿ ಓಡಿಸುವ ಸಾಧನ. 'ಡಾಕರ್ ಕಂಪೋಸ್ ವಾಚ್' ಅಂತ ಒಂದು ಕಮಾಂಡ್ ಕೊಟ್ಟರೆ ಪೋಸ್ಟ್‌ಗ್ರೆಸ್ ಡೇಟಾಬೇಸ್ ಏಳುತ್ತದೆ, ಅದು ತಯಾರಾಗುವವರೆಗೆ ಕಾದು ಅಲೆಂಬಿಕ್ ಮೈಗ್ರೇಷನ್ (ಟೇಬಲ್‌ಗಳನ್ನು ಕಟ್ಟುವ, ಬದಲಾಯಿಸುವ ಹೆಜ್ಜೆ) ಓಡುತ್ತದೆ, ಮೊದಲ ಅಡ್ಮಿನ್ ಖಾತೆ ತಾನೇ ಹುಟ್ಟುತ್ತದೆ, ಆಮೇಲೆ ಎಪಿಐ 8000 ಪೋರ್ಟಿನಲ್ಲಿ ಬಂದು ನಿಲ್ಲುತ್ತದೆ. ಲಾಗಿನ್, ಪಾಸ್‌ವರ್ಡ್ ಮರೆತರೆ ಹೋಗುವ ಮೇಲ್, ಪೈಟೆಸ್ಟ್‌ನಲ್ಲಿ ಬರೆದ ಟೆಸ್ಟ್‌ಗಳು ಎಲ್ಲ ಒಳಗೇ ಇವೆ. ಸಾಮಾನ್ಯವಾಗಿ ಒಂದು ವಾರ ತಿನ್ನುವ ಕೆಲಸ ಇದು, ಅಲ್ವಾ?

ಸಣ್ಣ ಸಣ್ಣ ಕಡೆಯೂ ಯೋಚನೆ ಮಾಡಿದ್ದಾರೆ. ಸೆಟ್ಟಿಂಗ್‌ಗಳಿರುವ ಎನ್ವಿ ಫೈಲಿನಲ್ಲಿ ಸೀಕ್ರೆಟ್ ಕೀ, ಡೇಟಾಬೇಸ್ ಪಾಸ್‌ವರ್ಡ್ ಎಲ್ಲಕ್ಕೂ 'ಚೇಂಜ್‌ದಿಸ್' ಅಂತ ಇರುತ್ತದೆ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಹಾಗೇ ಬಿಟ್ಟರೆ ಬರೀ ಎಚ್ಚರಿಕೆ ಕೊಡುತ್ತದೆ. ಪ್ರೊಡಕ್ಷನ್ (ಜನ ನಿಜವಾಗಿ ಬಳಸುವ ಸರ್ವರ್) ಅಂತ ಬರೆದು ಹಾಗೇ ಬಿಟ್ಟರೆ ಆ್ಯಪ್ ಏಳುವುದೇ ಇಲ್ಲ. ಇನ್ನೊಂದು, ಯೂಸರ್ ಟೇಬಲ್ಲಿಗೆ ಒಂದು ಮಾಡೆಲ್ (ಯಾವ್ಯಾವ ಮಾಹಿತಿ ಇರಬೇಕು ಅನ್ನುವ ನಕ್ಷೆ), ಹೊರಗೆ ಕಳಿಸುವುದಕ್ಕೆ 'ಯೂಸರ್‌ಪಬ್ಲಿಕ್' ಅಂತ ಬೇರೆಯೇ ಮಾಡೆಲ್. ಹ್ಯಾಶ್ ಮಾಡಿದ (ಓದಲಾಗದಂತೆ ಬದಲಿಸಿದ) ಪಾಸ್‌ವರ್ಡ್ ಆ ಎರಡನೆಯದರಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಮರೆತು ಹೊರಗೆ ಹೋಗುವ ಭಯವಿಲ್ಲ. ಹೊಸಬರಿಗೆ ಇದನ್ನೇ ತೋರಿಸಿ ಪಾಠ ಹೇಳಬಹುದು.

ಈಗ ಅಸಿಂಕ್ ಮಾತಿಗೆ ಬರುತ್ತೇನೆ. ಫಾಸ್ಟ್‌ಎಪಿಐ ಅಸಿಂಕ್, ನಿಜ. ಆದರೆ ಈ ಟೆಂಪ್ಲೇಟಿನಲ್ಲಿ ಡೇಟಾಬೇಸ್ ಮುಟ್ಟುವ ಭಾಗ ಸಿಂಕ್, ಅಂದರೆ ಉತ್ತರ ಬರುವವರೆಗೆ ಅಲ್ಲೇ ನಿಲ್ಲುತ್ತದೆ. ರೂಟ್‌ಗಳೆಲ್ಲ (ಒಂದೊಂದು ವಿಳಾಸಕ್ಕೆ ಬಂದ ಕೋರಿಕೆಗೆ ಉತ್ತರ ಕೊಡುವ ಫಂಕ್ಷನ್‌ಗಳು) ಹೆಚ್ಚುಕಡಿಮೆ ಬರೀ 'ಡೆಫ್', 'ಅಸಿಂಕ್ ಡೆಫ್' ಅಲ್ಲ. ಇದರಲ್ಲಿ ತಪ್ಪೇನಿಲ್ಲ, ಬರೀ 'ಡೆಫ್' ಇದ್ದರೆ ಫಾಸ್ಟ್‌ಎಪಿಐ ಅದನ್ನು ಬೇರೆ ಥ್ರೆಡ್ಡಿನಲ್ಲಿ ಓಡಿಸುತ್ತದೆ, ಈವೆಂಟ್ ಲೂಪ್ (ಅಸಿಂಕ್ ಕೆಲಸಗಳನ್ನೆಲ್ಲ ನಡೆಸುವ ಸುತ್ತು) ಖಾಲಿ ಇರುತ್ತದೆ. ನಾವು ಎಡವಿದ್ದು ಬೇರೆ ಕಡೆ. ನಮ್ಮಲ್ಲೊಬ್ಬ ವೇಗ ಜಾಸ್ತಿ ಆಗಲಿ ಅಂತ ಎಲ್ಲ ರೂಟಿನ ಮುಂದೆಯೂ ಸುಮ್ನೆ 'ಅಸಿಂಕ್' ಸೇರಿಸಿದ. ಡೇಟಾಬೇಸ್ ಜೊತೆ ಮಾತಾಡುವ ಸೆಷನ್ ಮಾತ್ರ ಹಳೆಯ ಸಿಂಕ್ ಸೆಷನ್ನೇ. ಟೆಸ್ಟ್ ಎಲ್ಲ ಪಾಸಾಯಿತು. ಆಮೇಲೆ ತಿಂಗಳ ಬಿಲ್ಲಿನ ರಿಪೋರ್ಟ್ ತೆಗೆದಾಗ ಅದು ಮುಗಿಯುವ ಆರೇಳು ಸೆಕೆಂಡು ಲಾಗಿನ್ನೂ ಇಲ್ಲ, ಏನೂ ಇಲ್ಲ. ಬರೀ 'ಟ್ರೂ' ಅಂತ ಉತ್ತರ ಕೊಡುವ ಹೆಲ್ತ್ ಚೆಕ್ ಕೂಡ ಸುತ್ತುತ್ತಾ ಕೂತಿತ್ತು! 'ಅಸಿಂಕ್' ರೂಟ್ ಈವೆಂಟ್ ಲೂಪಿನಲ್ಲೇ ಓಡುತ್ತದೆ, ಒಳಗಿನ ಸಿಂಕ್ ಕರೆ ಲೂಪನ್ನೇ ನಿಲ್ಲಿಸಿತ್ತು. ಆ 'ಅಸಿಂಕ್' ಪದ ತೆಗೆದ ತಕ್ಷಣ ಎಲ್ಲ ಸರಿಹೋಯಿತು. ಟೆಂಪ್ಲೇಟಿನ ತಪ್ಪಲ್ಲ ಇದು, ನಮ್ಮದೇ. ಆದರೂ ಟೆಂಪ್ಲೇಟಿನ ಪರಿಚಯ ಇರುವ ರೀಡ್‌ಮಿಯಲ್ಲಿ ಇದರ ಬಗ್ಗೆ ಎರಡು ಸಾಲು ಇದ್ದರೆ ಎಷ್ಟೋ ಜನರ ಒಂದು ದಿನ ಉಳಿಯುತ್ತದೆ.

ಲೆಕ್ಕವನ್ನೂ ಒಮ್ಮೆ ನೋಡಿ. ಒಂದು ವರ್ಕರ್‌ಗೆ (ಓಡುತ್ತಿರುವ ಆ್ಯಪಿನ ಒಂದು ಪ್ರತಿ) ಥ್ರೆಡ್ 40. ಆದರೆ ಎಸ್‌ಕ್ಯೂಎಲ್‌ಆಲ್ಕೆಮಿ (ಪೈಥಾನಿನಿಂದ ಡೇಟಾಬೇಸ್ ಬಳಸುವ ಲೈಬ್ರರಿ) ತಾನಾಗಿ ಕೊಡುವ ಡೇಟಾಬೇಸ್ ಕನೆಕ್ಷನ್ 5, ಒತ್ತಡ ಬಿದ್ದರೆ ಇನ್ನು 10. ಅಂದರೆ 16ನೆಯವನು ಸಾಲಿನಲ್ಲಿ ನಿಲ್ಲಬೇಕು, 30 ಸೆಕೆಂಡಾದರೂ ಸಿಗದಿದ್ದರೆ ಎರರ್. ಡಾಕರ್ ಫೈಲಿನಲ್ಲಿ ವರ್ಕರ್ 4 ಇವೆ, ಒಟ್ಟು 60 ಕನೆಕ್ಷನ್. ಪೋಸ್ಟ್‌ಗ್ರೆಸ್ ಮಾಮೂಲಿಯಾಗಿ ಬಿಡುವುದು 100. ಹಾಗಾಗಿ ವರ್ಕರ್ ಹೆಚ್ಚಿಸುವ ಮುಂಚೆ ಈ ಗುಣಾಕಾರ ಮಾಡಿಕೊಳ್ಳಿ. ಅಸಿಂಕ್ ಮಾಡಿದರೂ ಈ ಮಿತಿ ಹೋಗುವುದಿಲ್ಲ.

ನಮಗೆ ಪೂರ್ತಿ ಅಸಿಂಕ್ ಬೇಕಾದದ್ದು ಎಸ್ಸೆಮ್ಮೆಸ್ ಕಳಿಸುವ ಕಡೆ. ಅಲ್ಲಿ ಹೊರಗಿನ ಸರ್ವರ್ ಉತ್ತರ ಕೊಡುವವರೆಗೆ ಕಾಯುವುದೇ ಕೆಲಸ. ಬದಲಾಯಿಸುವುದು ಅಂದುಕೊಂಡಷ್ಟು ಕಷ್ಟವಾಗಲಿಲ್ಲ. ಟೆಂಪ್ಲೇಟಿನಲ್ಲಿರುವ ಸೈಕಾಪ್‌ಜಿ 3 (ಪೋಸ್ಟ್‌ಗ್ರೆಸ್‌ಗೆ ಜೋಡಿಸುವ ಡ್ರೈವರ್) ಸಿಂಕ್, ಅಸಿಂಕ್ ಎರಡೂ ರೀತಿ ಓಡುತ್ತದೆ, ಡೇಟಾಬೇಸ್ ಯುಆರ್‌ಎಲ್ ಒಂದಕ್ಷರವೂ ಬದಲಾಗುವುದಿಲ್ಲ. ಅಸಿಂಕ್ ಎಂಜಿನ್, ಅಸಿಂಕ್ ಸೆಷನ್, ಡೇಟಾಬೇಸ್ ಕರೆಗಳ ಮುಂದೆ 'ಅವೇಟ್', ಮುಖ್ಯ ಕೆಲಸ ಇಷ್ಟೇ. ಅಲೆಂಬಿಕ್ಕನ್ನು ಮುಟ್ಟಲೇ ಇಲ್ಲ. ಕಾಡಿದ್ದು ರಿಲೇಷನ್‌ಶಿಪ್‌ಗಳು, ಅಂದರೆ ಟೇಬಲ್‌ಗಳ ನಡುವಿನ ಕೊಂಡಿಗಳು. ಮೊದಲು ಯೂಸರ್ ಡಾಟ್ ಐಟಮ್ಸ್ ಅಂದರೆ ಸಾಕಿತ್ತು, ಈಗ ಅದು 'ಅವೇಟ್' ಇಲ್ಲದೆ ಡೇಟಾಬೇಸಿಗೆ ಹೋಗುವುದರಿಂದ 'ಮಿಸ್ಸಿಂಗ್ ಗ್ರೀನ್‌ಲೆಟ್' ಅಂತ ಎರರ್ ಬರುತ್ತದೆ. ಕ್ವೆರಿಯಲ್ಲೇ 'ಸೆಲೆಕ್ಟ್‌ಇನ್‌ಲೋಡ್' ಹಾಕಿ ಮೊದಲೇ ತರಿಸಿಕೊಳ್ಳಬೇಕು. ಸೆಷನ್ನಿನಲ್ಲಿ 'ಎಕ್ಸ್‌ಪೈರ್ ಆನ್ ಕಮಿಟ್' ಫಾಲ್ಸ್ ಮಾಡಿ, ಇಲ್ಲದಿದ್ದರೆ ಕಮಿಟ್ ಆದಮೇಲೆ ಹೆಸರು ಓದಲು ಹೋದರೂ ಅದೇ ಎರರ್.

ಒಪ್ಪಿಗೆಯಾಗದ್ದು ಒಂದು. ಲಾಗಿನ್ ಟೋಕನ್ (ಲಾಗಿನ್ ಆದವರಿಗೆ ಕೊಡುವ ಗುರುತು) ಎಂಟು ದಿನ ಬದುಕಿರುತ್ತದೆ, ಅದು ಮುಗಿದಾಗ ಹೊಸದನ್ನು ಪಡೆಯುವ ರಿಫ್ರೆಶ್ ಟೋಕನ್ ಇಲ್ಲ. ದುಡ್ಡಿನ ಲೆಕ್ಕ ಇರುವ ಕಡೆ ಇಷ್ಟು ದಿನ ಬಿಡುವುದು ಸರಿಯಲ್ಲ. ನಾವು 30 ನಿಮಿಷಕ್ಕೆ ಇಳಿಸಿ, ರಿಫ್ರೆಶ್ ಭಾಗವನ್ನು ನಾವೇ ಬರೆದೆವು. ರಿಯಾಕ್ಟ್ ಮುಂಭಾಗವೂ ಜೊತೆಗೆ ಬರುತ್ತದೆ, ನಮಗೆ ಬೇಡವಾಗಿತ್ತು, ತೆಗೆದೆವು.

ನಿಮ್ಮ ಎಪಿಐ ಬರೀ ಟೇಬಲ್ಲಿಗೆ ಬರೆಯುವುದು, ಓದುವುದು ಮಾಡುತ್ತಿದ್ದರೆ ಟೆಂಪ್ಲೇಟ್ ಹೇಗಿದೆಯೋ ಹಾಗೇ ಇಟ್ಟುಕೊಳ್ಳಿ. ಚಾಟ್, ಹೊರಗಿನ ಎಪಿಐಗಳು ಜಾಸ್ತಿ ಇದ್ದರೆ ಮೊದಲ ದಿನವೇ ಸೆಷನ್ ಬದಲಾಯಿಸಿ. ನಾವು ನಲವತ್ತು ರೂಟ್ ಬರೆದಾದ ಮೇಲೆ ಬದಲಾಯಿಸಿದೆವು, ಅದಕ್ಕೆ ಒಂಬತ್ತು ದಿನ ಹಿಡಿಯಿತು.