ಕ್ವಾಂಟಮ್ ಚೆಸ್: ಒಂದೇ ಕುದುರೆ, ಎರಡು ಮನೆ

ಕ್ರಿಸ್ಟೋಫರ್ ಕ್ಯಾಂಟ್‌ವೆಲ್ ರೂಪಿಸಿದ ‘ಕ್ವಾಂಟಮ್ ಚೆಸ್’ ಎಂಬ ಕಂಪ್ಯೂಟರ್ ಆಟವನ್ನು ಮೊದಲು ತೆರೆದಾಗ, ಇದು ಚದುರಂಗಕ್ಕೆ ದಾಳವನ್ನು ಬೆರೆಸಿದ ಆಟವಿರಬೇಕೆಂದು ಎಣಿಸಿದ್ದೆ. ಆ ಎಣಿಕೆ ತಪ್ಪೆಂದು ತಿಳಿಯಲು ಹೆಚ್ಚು ಆಟಗಳು ಬೇಕಾಗಲಿಲ್ಲ.

ಮಣೆಯೂ ಕಾಯಿಗಳೂ ನಮಗೆ ಪರಿಚಿತವಾದವೇ. ಆದರೆ ಪದಾತಿಯನ್ನು ಬಿಟ್ಟು ಉಳಿದ ಯಾವ ಕಾಯಿಯನ್ನಾದರೂ ಒಂದೇ ಸರದಿಯಲ್ಲಿ ಎರಡು ಮನೆಗಳಿಗೆ ನಡೆಸಬಹುದು. ಆಗ ಒಂದೇ ಕುದುರೆ ಎರಡೂ ಕಡೆ ತಲಾ ಶೇಕಡಾ 50ರ ಸಂಭಾವ್ಯತೆಯೊಂದಿಗೆ ನಿಲ್ಲುತ್ತದೆ. ಮಣೆಯ 64 ಮನೆಗಳಲ್ಲಿ ಪ್ರತಿಯೊಂದನ್ನೂ ಒಂದು ಕ್ಯೂಬಿಟ್ (ಸೊನ್ನೆ ಮತ್ತು ಒಂದು ಎರಡೂ ಬೆರೆತ ಸ್ಥಿತಿಯಲ್ಲಿರಬಲ್ಲ ಕ್ವಾಂಟಮ್ ಮಾಹಿತಿಯ ಘಟಕ) ಎಂದು ಪರಿಗಣಿಸಿ, ಖಾಲಿ ಮನೆಗೆ ಸೊನ್ನೆ, ತುಂಬಿದ ಮನೆಗೆ ಒಂದು ಎಂಬ ಸ್ಥಿತಿಯನ್ನು ಕೊಟ್ಟು, ನಡೆಗಳನ್ನು ಕ್ವಾಂಟಮ್ ಗೇಟ್‌ಗಳಾಗಿ, ಅಂದರೆ ಕ್ಯೂಬಿಟ್‌ಗಳ ಸ್ಥಿತಿಯನ್ನು ಬದಲಿಸುವ ಕ್ರಿಯೆಗಳಾಗಿ, ಬರೆದಿರುವುದೇ ಈ ಆಟದ ಬಲ. ಕೆನಡಾದ ಕ್ವೀನ್ಸ್ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಜ್ಞಾನಿ ಸಲೀಂ ಅಕ್ಲ್ 2010ರಲ್ಲಿ ಮುಂದಿಟ್ಟ ಕ್ವಾಂಟಮ್ ಚೆಸ್‌ನ ಬೇರೊಂದು ರೂಪದಲ್ಲಿ ಕಾಯಿ ಯಾವುದೆಂಬುದೇ ಮುಟ್ಟುವವರೆಗೆ ನಿರ್ಧಾರವಾಗುವುದಿಲ್ಲ. ಕ್ಯಾಂಟ್‌ವೆಲ್ ಆಟದಲ್ಲಿ ಅನಿಶ್ಚಿತವಾಗಿರುವುದು ಕಾಯಿಯ ಸ್ಥಾನ ಮಾತ್ರ. ಮುಂದಾಲೋಚನೆಗೆ ಹೆಚ್ಚು ಆಸ್ಪದವಿರುವುದು ಕ್ಯಾಂಟ್‌ವೆಲ್ ರೂಪದಲ್ಲಿಯೇ ಎಂದು ನನಗನ್ನಿಸುತ್ತದೆ.

ನನ್ನನ್ನು ಹಿಡಿದಿಟ್ಟ ನಡೆಯೊಂದನ್ನು ವಿವರಿಸುತ್ತೇನೆ. ಎರಡಾಗಿ ಹಂಚಿಹೋದ ಕುದುರೆಯ ಒಂದು ಪಾಲು ಆನೆಯ ದಾರಿಯಲ್ಲಿ ನಿಂತಿದೆ ಎಂದುಕೊಳ್ಳಿ. ಆ ದಾರಿಯಲ್ಲಿ ಆಚೆಗಿನ ಖಾಲಿ ಮನೆಗೆ ಆನೆಯನ್ನು ನಡೆಸಿದರೆ ಯಾವುದೂ ಆ ಕ್ಷಣಕ್ಕೆ ತೀರ್ಮಾನವಾಗುವುದಿಲ್ಲ: ಕುದುರೆ ದಾರಿಯಲ್ಲಿದ್ದರೆ ಆನೆ ಕದಲಿಲ್ಲ, ಇಲ್ಲದಿದ್ದರೆ ಆಚೆ ತಲುಪಿದೆ. ಎರಡು ಕಾಯಿಗಳ ಭವಿಷ್ಯ ಹೀಗೆ ಒಂದಕ್ಕೊಂದು ಹೆಣೆದುಕೊಳ್ಳುವುದೇ ಎಂಟ್ಯಾಂಗಲ್‌ಮೆಂಟ್. ಮುಂದೆ ಎಲ್ಲೋ ಕುದುರೆಯ ಅಳತೆಯಾದಾಗ, ಅಂದರೆ ಅದು ನಿಜಕ್ಕೂ ಯಾವ ಮನೆಯಲ್ಲಿದೆ ಎಂಬುದು ತೀರ್ಮಾನವಾದಾಗ, ಆನೆಯ ಸ್ಥಾನವೂ ತಾನಾಗಿ ನಿಶ್ಚಯವಾಗುತ್ತದೆ. ಚೆದುರಿದ ಪಾಲುಗಳನ್ನು ಮತ್ತೆ ಒಂದೇ ಮನೆಗೆ ಸೇರಿಸುವ ನಡೆಯೂ ಇದೆ. ಅಲ್ಲಿ ಫೇಸ್‌ಗಳ (ಅಲೆಗಳಂತೆ ಪಾಲುಗಳು ಒಂದನ್ನೊಂದು ಬಲಪಡಿಸುತ್ತವೆಯೋ ಅಳಿಸುತ್ತವೆಯೋ ಎಂಬುದನ್ನು ನಿರ್ಧರಿಸುವ ಗುಣ) ಹೊಂದಿಕೆಯೂ ಲೆಕ್ಕಕ್ಕೆ ಬರುವುದರಿಂದ ಸಂಭಾವ್ಯತೆಗಳನ್ನು ಸುಮ್ಮನೆ ಕೂಡಿಸಿದರೆ ಸಾಲದು. ದಾಳದಿಂದ ಇದನ್ನು ಸಾಧಿಸಲಾಗದು.

ಒಂದು ಮನೆಯಲ್ಲಿ ಎರಡು ಕಾಯಿಗಳು ಇರುವ ಸಂದರ್ಭ ಒದಗಿದಾಗ ಮಾತ್ರ ಅಳತೆ ನಡೆಯುತ್ತದೆ, ಫಲಿತಾಂಶ ಪ್ರತಿಕೂಲವಾದರೆ ಸರದಿ ವ್ಯರ್ಥವಾಗುತ್ತದೆ. ನಿಯಮ ಸರಳವೇ, ಕಷ್ಟವಿರುವುದು ನೆನಪಿನಲ್ಲಿ. ಶೇಕಡಾ ಸಂಖ್ಯೆಗಳನ್ನು ನೋಡಿದ ಮಾತ್ರಕ್ಕೆ ಯಾವ ಕಾಯಿ ಯಾವುದಕ್ಕೆ ಹೆಣೆದುಕೊಂಡಿದೆ ಎಂಬುದು ತಿಳಿಯದು. ಹತ್ತು ನಡೆಗಳಾಗುವಷ್ಟರಲ್ಲಿ ನಾನು ಎಳೆಯನ್ನು ಕಳೆದುಕೊಂಡದ್ದು ಒಂದೆರಡು ಸಲವಲ್ಲ.

ರಾಜನನ್ನೂ ಹಂಚಬಹುದಾದ್ದರಿಂದ ಇಲ್ಲಿ ಚೆಕ್‌ಮೇಟ್ ಇಲ್ಲ, ರಾಜನನ್ನು ಹೊಡೆದವರಿಗೆ ಗೆಲುವು. ಚದುರಂಗದ ಅಂತ್ಯದಲ್ಲಿರುವ ಬಿಗಿ ಇದರಿಂದ ಸಡಿಲಗೊಂಡಿದೆ ಎಂಬುದೇ ನನ್ನ ದೊಡ್ಡ ತಕರಾರು. ಚೆನ್ನಾಗಿ ಆಡಿದವರೂ ಕೊನೆಯ ಅಳತೆಯೊಂದರಲ್ಲಿ ಸೋಲಬಹುದು. ಆದರೂ ಕಾಯಿಗಳ ನಡೆ ಚೆನ್ನಾಗಿ ಬಲ್ಲವರಿಗೆ ಇದನ್ನು ನಿಸ್ಸಂಕೋಚವಾಗಿ ಸೂಚಿಸುತ್ತೇನೆ. ಮೊದಲ ಕೆಲವು ಆಟಗಳಲ್ಲಿ ಕುದುರೆಗಳನ್ನು ಮಾತ್ರ ಹಂಚಿ, ಆನೆ ಮತ್ತು ಒಂಟೆಗಳನ್ನು ಅವುಗಳ ನಡುವೆ ಹಾಯಿಸಿ ನೋಡುವುದು ಒಳ್ಳೆಯದು.