ಸಕಲೇಶಪುರವೋ, ವಿರಾಜಪೇಟೆಯೋ, ತೀರ್ಥಹಳ್ಳಿಯೋ?

ಡಿಸೆಂಬರಿನ ಎರಡನೇ ಶನಿವಾರ ಎಂದರೆ ನಮ್ಮ ಹಳೇ ಹಾಸ್ಟೆಲ್ ಗ್ಯಾಂಗಿನ ಆರು ಜನರ ಮನೆಯವರೂ ನಮ್ಮ ಆಸೆ ಬಿಟ್ಟಿರುತ್ತಾರೆ. ಒಂಬತ್ತು ವರ್ಷ ಹೋಗಿದ್ದು ಒಂದೇ ಜಾಗಕ್ಕೆ, ಸಕಲೇಶಪುರದ ಹತ್ತಿರದ ಒಂದು ಕಾಫಿ ಎಸ್ಟೇಟಿನ ಹೋಂಸ್ಟೇಗೆ. ಆಮೇಲೆ ಅಲ್ಲಿ ಈಜುಕೊಳ ಬಂತು, ಅದರ ಬೆನ್ನಿಗೇ ಡಿಜೆ ಬಂತು. ಹತ್ತನೇ ವರ್ಷ ಒಬ್ಬರ ಕಿವಿಗೆ ಒಬ್ಬರು ಕಿರುಚಿಕೊಂಡೇ ಮಾತು ಮುಗಿಸಿ ಮಲಗಿದೆವು. ಅದರ ಮುಂದಿನ ವರ್ಷ ಕೊಡಗಿನ ವಿರಾಜಪೇಟೆ ಕಡೆ ಹೋದೆವು, ಕಳೆದ ವರ್ಷ ತೀರ್ಥಹಳ್ಳಿ ಕಡೆ. ಈ ವರ್ಷ ಎಲ್ಲಿಗೆ ಎಂಬ ಜಗಳ ಇನ್ನೂ ನಡೀತಿದೆ, ಅದಕ್ಕೇ ಈ ಲೆಕ್ಕ.

ದಾರಿಯ ವಿಷಯದಲ್ಲಿ ಸಕಲೇಶಪುರಕ್ಕೆ ಸಾಟಿಯಿಲ್ಲ. ಬೆಂಗಳೂರಿಂದ ಸುಮಾರು 220 ಕಿ.ಮೀ., ಬೆಳಿಗ್ಗೆ ತಿಂಡಿ ತಿಂದು ಹೊರಟರೂ ಮಧ್ಯಾಹ್ನದ ಊಟಕ್ಕೆ ಅಲ್ಲಿರಬಹುದು, ರೈಲೂ ಇದೆ. ಗೀಸರ್, ಕಮೋಡ್, ಒಳ್ಳೆ ಹಾಸಿಗೆ, ಯಾವುದಕ್ಕೂ ಕೊರತೆಯಿಲ್ಲ. ಆದರೆ ಮೊದಲು ಅರೇಬಿಕಾ ಕೊಯ್ಲಿನ ಸಂಜೆ ಯಜಮಾನರು ಹಣ್ಣು ತೂಗುವಾಗ ನಮ್ಮನ್ನೂ ಕರೆದು ಲೆಕ್ಕ ಬರೆಸುತ್ತಿದ್ದರು. ಈಗ ಮೇಜಿನ ಮೇಲೆ ಕ್ಯೂಆರ್ ಕೋಡಿನ ಸ್ಟ್ಯಾಂಡು ಕೂತಿದೆ.

ಊಟಕ್ಕೆ ಮಾತ್ರ ವಿರಾಜಪೇಟೆ. ಕಾಚಂಪುಳಿ ಎಂಬ ಕಪ್ಪು ಹುಳಿರಸ ಬಿದ್ದು ಕಪ್ಪಗಾದ ಪಂದಿ ಕರಿ, ಅಂದರೆ ಹಂದಿ ಮಾಂಸದ ಸಾರು, ಜೊತೆಗೆ ಅಕ್ಕಿ ತರಿಯ ಉಂಡೆ ಕಡಂಬುಟ್ಟು. ನಾಲ್ವರು ಮಾತೇ ಆಡಲಿಲ್ಲ. ಸಸ್ಯಾಹಾರಿಗಳಿಬ್ಬರಿಗೆ ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ), ಎಳ್ಳು ಪಜ್ಜಿ (ಎಳ್ಳಿನ ಚಟ್ನಿ), ಅವರದೂ ದೂರಿಲ್ಲ. ತೊಂದರೆ ಆನೆಯದು. ಸಂಜೆ ಆರಾದ ಮೇಲೆ ಅಂಗಳ ದಾಟುವಂತಿಲ್ಲ ಎಂದರು. ಸರಿಯಾದ ಮಾತೇ, ಬೆಳಿಗ್ಗೆ ಗೇಟಿನ ಪಕ್ಕದಲ್ಲೇ ಬಿಸಿ ಲದ್ದಿ ಬಿದ್ದಿತ್ತು. (ಸಕಲೇಶಪುರದ ಕಡೆಯೂ ಆನೆ ಕಾಟ ಕಡಿಮೆಯೇನಲ್ಲ, ಡಿಜೆಗೆ ಹೆದರಿ ದೂರ ಇರುತ್ತವೋ ಏನೋ.) ಕತ್ತಲಲ್ಲಿ ತೋಟದ ದಾರಿ ಸುತ್ತುತ್ತಾ ಹಳೇ ಮೇಷ್ಟ್ರುಗಳ ಅಣಕ ಮಾಡುವುದೇ ನಮ್ಮ ಮುಖ್ಯ ಕಾರ್ಯಕ್ರಮ. ಅದು ತಪ್ಪಿ, ಒಂಬತ್ತಕ್ಕೆಲ್ಲ ಎಲ್ಲರೂ ಮೊಬೈಲ್ ಹಿಡಿದರು.

ತೀರ್ಥಹಳ್ಳಿ ದೂರ. ರಾತ್ರಿ ರೈಲಲ್ಲಿ ಶಿವಮೊಗ್ಗಕ್ಕೆ ಹೋಗಿ, ಅಲ್ಲಿಂದ ತುಂಗೆಯ ಪಕ್ಕ ಇನ್ನೂ 60 ಕಿ.ಮೀ. ಹೋಂಸ್ಟೇ ಅನ್ನುವುದಕ್ಕಿಂತ ಅಡಿಕೆಯವರ ಮನೆ, ಎರಡು ಕೋಣೆ ಬಾಡಿಗೆಗೆ ಕೊಡುತ್ತಾರೆ ಅಷ್ಟೆ. ನಾವು ಹೋದಾಗ ಮರದಿಂದ ಅಡಿಕೆ ಗೊನೆ ಇಳಿಸಿ ಎರಡು ದಿನವಾಗಿತ್ತು. ಊಟವಾದ ಮೇಲೆ ಅಂಗಳದ ಚಪ್ಪರದಡಿ ಹೆಂಗಸರು ಸಾಲಾಗಿ ಕಾಲಲ್ಲಿ ಒತ್ತಿ ಹಿಡಿಯುವ ಮೆಟ್ಟುಗತ್ತಿ ಹಾಕಿಕೊಂಡು ಹಸಿ ಅಡಿಕೆ ಸುಲಿಯಲು ಕೂತರು. ಟಕ್, ಸಿಪ್ಪೆ ಈ ಕಡೆ, ಅಡಿಕೆ ಬುಟ್ಟಿಗೆ. ನಮ್ಮ ಬ್ಯಾಂಕ್ ಮ್ಯಾನೇಜರ್ ನಾನೂ ನೋಡ್ತೀನಿ ಅಂತ ಕೂತ. ಅರ್ಧ ಗಂಟೆಯಲ್ಲಿ ಹನ್ನೊಂದು ಅಡಿಕೆ ಸುಲಿದು, ಹೆಬ್ಬೆರಳಿಗೆ ಬಟ್ಟೆ ಸುತ್ತಿಕೊಂಡು ಎದ್ದ. ಪಕ್ಕದ ಅಜ್ಜಿ ಅಷ್ಟರಲ್ಲಿ ಬುಟ್ಟಿ ತುಂಬಿಸಿ, 'ನಿಮ್ಮನ್ನ ಕೂಲಿಗೆ ಕರೆಯಲ್ಲ ಬಿಡಿ' ಅಂದಳು. ಆ ಕಡೆ ಒಲೆಯ ಮೇಲೆ ಚೊಗರಿನಲ್ಲಿ (ಮೊದಲು ಅಡಿಕೆ ಬೇಯಿಸಿ ಉಳಿದ ಕೆಂಪು ರಸದಲ್ಲಿ) ಅಡಿಕೆ ಬೇಯುತ್ತಿತ್ತು, ಮನೆಯ ಯಜಮಾನರು ಅಡಿಕೆಯ ದರ್ಜೆಗಳಲ್ಲಿ ರಾಶಿ ಯಾವುದು, ಬೆಟ್ಟೆ ಯಾವುದು ಎಂದು ತೋರಿಸುತ್ತಿದ್ದರು. ಬೇಯುವ ಅಡಿಕೆಯ ಒಗರು ವಾಸನೆ ಬಟ್ಟೆಗೆ ಹತ್ತಿ ಬೆಂಗಳೂರಿನವರೆಗೂ ಬಂತು. ಜಗಲಿಯಲ್ಲಿ ಮಾತು ಮುಗಿದಾಗ ರಾತ್ರಿ ಎರಡು. ಮೊಬೈಲಿಗೆ ಸಿಗ್ನಲ್ಲೂ ಇರಲಿಲ್ಲ, ಹುಡುಕಿದವರೂ ಇಲ್ಲ.

ಬೆಳಿಗ್ಗೆ ಹಂಡೆ ನೀರಿನ ಸ್ನಾನ, ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಕೊಟ್ಟೆ ಕಡುಬು, ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿ. ರುಚಿಯಲ್ಲಿ ಕೊಡಗಿಗಿಂತ ಒಂದು ಮೆಟ್ಟಿಲು ಕೆಳಗೆ ಎಂದು ನಾಲ್ವರ ತೀರ್ಪು. ನನ್ನದು ಭಿನ್ನಮತ, ಆ ಮಿಡಿಗೆ ನಾನು ಎಲ್ಲವನ್ನೂ ಬಿಟ್ಟುಕೊಟ್ಟೇನು.

ಖರ್ಚಿನಲ್ಲಿ ಮೂರೂ ಹೆಚ್ಚುಕಮ್ಮಿ ಒಂದೇ, ಅಡಿಕೆ ಮನೆ ಸ್ವಲ್ಪ ಅಗ್ಗ.

ಹಾಗಾದರೆ ಮತ್ತೆ ತೀರ್ಥಹಳ್ಳಿಯೇ ಅನ್ನೋಣವೆಂದರೆ ಒಂದು ತೊಡಕು. ಅಲ್ಲಿರುವುದು ಹಿತ್ತಲ ಕಡೆಯ ಇಂಡಿಯನ್ ಶೈಲಿಯ ಪಾಯಖಾನೆ, ನಮ್ಮಲ್ಲಿ ಮೂವರ ಮಂಡಿ ಕೈಕೊಟ್ಟಿದೆ. ಕಳೆದ ವರ್ಷ ಒಬ್ಬ ಒಳಗೆ ಹೋದವನು ಏಳಲಾಗದೆ ಕೂಗಿದ್ದ, ಕೈ ಹಿಡಿದು ಎಬ್ಬಿಸಿದ್ದು ನಾನೇ. ಅವನ ವೋಟು ಈಗಲೂ ಸಕಲೇಶಪುರಕ್ಕೆ, ಡಿಜೆ ಇದ್ದರೂ ಪರವಾಗಿಲ್ಲವಂತೆ. ಬ್ಯಾಂಕಿನವನು ಮಾತ್ರ ನಿನ್ನೆ ಒಂದು ಫೋಟೋ ಕಳಿಸಿದ್ದಾನೆ. ಮೆಡಿಕಲ್ ಶಾಪಿನಲ್ಲಿ ಸಿಗುವ, ಮಡಚಬಹುದಾದ ಕಮೋಡ್ ಕುರ್ಚಿ. 'ರೈಲು ಬೇಡ, ಕಾರಲ್ಲೇ ಹೋಗೋಣ, ಡಿಕ್ಕಿ ಅಳೆದಿದೀನಿ, ಹಿಡಿಯುತ್ತೆ' ಎಂದು ಕೆಳಗೆ ಬರೆದಿದ್ದ.