ಗಂಡ ಮೊದಲು, ನಾನು ಎಂಟು ತಿಂಗಳ ನಂತರ: ಬ್ರ್ಯಾಂಪ್ಟನ್‌ನ ಸೆಟ್ಲ್‌ಮೆಂಟ್ ಸೇವೆ ಹೇಗಿತ್ತು

ನಮ್ಮನೆಯವರು ಕೆನಡಾಗೆ ಬಂದಿದ್ದು 2023ರ ಫೆಬ್ರವರಿಯಲ್ಲಿ. ನಾನು ಮಗಳನ್ನು ಕರೆದುಕೊಂಡು ಬಂದಿದ್ದು ಅಕ್ಟೋಬರ್‌ನಲ್ಲಿ. ಪಿಆರ್ (ಕಾಯಂ ವಾಸದ ಹಕ್ಕು) ಅರ್ಜಿ ಒಂದೇ, ಮುಖ್ಯ ಅರ್ಜಿದಾರರು ಅವರು, ಹಾಗಾಗಿ ಅವರಿಗಿಂತ ಮೊದಲು ನಾನು ಬರುವ ಹಾಗಿರಲಿಲ್ಲ. ಅತ್ತೆಯವರ ಮಂಡಿ ಆಪರೇಷನ್ ಮುಗಿಸಿ, ಹಾಸನದ ಕಾಲೇಜಿನ ಕೆಲಸ ಬಿಟ್ಟು ಹೊರಡುವ ಹೊತ್ತಿಗೆ ಎಂಟು ತಿಂಗಳಾಗಿತ್ತು. ನಮ್ಮ ಹಾಗೆ ಬೇರೆ ಬೇರೆ ಸಮಯಕ್ಕೆ ಬರುವ ಜೋಡಿಗಳು ಬಹಳ ಇದ್ದಾರೆ, ಅವರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಇಲ್ಲಿ ಪಿಆರ್ ಇರುವವರಿಗೆ ಸೆಟ್ಲ್‌ಮೆಂಟ್ ಸೇವೆ, ಅಂದರೆ ಹೊಸದಾಗಿ ಬಂದವರಿಗೆ ನೆಲೆಯೂರಲು ಕೊಡುವ ನೆರವು, ಉಚಿತ, ಹೆಚ್ಚಿನ ಕಡೆ ದುಡ್ಡು ಕೊಡುವುದು ಕೇಂದ್ರ ಸರ್ಕಾರ. ನಾನು ಬ್ರ್ಯಾಂಪ್ಟನ್‌ನ ಆ ಸೇವೆಯ ಆಫೀಸಿಗೆ ಫೋನ್ ಮಾಡಿದಾಗ ಎತ್ತಿಕೊಂಡವರು, ನಿಮ್ಮ ಗಂಡನ ಫೈಲ್ ಆಗಲೇ ಇದೆ, ಅವರಿಗೆ ಎಲ್ಲಾ ಹೇಳಿದ್ದೇವೆ, ನಿಮಗೆ ಬೇರೆ ಅಪಾಯಿಂಟ್‌ಮೆಂಟ್ ಬೇಕಾಗಲ್ಲ ಅಂದುಬಿಟ್ಟರು. ಅದು ತಪ್ಪು ಮಾಹಿತಿ. ನಾನೂ ನಂಬಿ ಎರಡು ವಾರ ಸುಮ್ನೆ ಕೂತೆ. ಆಮೇಲೆ ಮನಸ್ಸು ತಡೆಯದೆ ಮಗಳನ್ನು ಕರೆದುಕೊಂಡು ನೇರವಾಗಿ ಆಫೀಸಿಗೇ ಹೋದೆ, ಅಲ್ಲಿಂದ ಮೂರು ವಾರ ಮುಂದಕ್ಕೆ ಸಮಯ ಕೊಟ್ಟರು. ಕಾಯಿಸಿದ್ದಕ್ಕೆ ಬೇಜಾರಿದೆ, ಆದರೆ ಸಿಕ್ಕ ಕೌನ್ಸೆಲರ್ ಮಾತ್ರ ಚಿನ್ನದಂಥ ಹೆಂಗಸು.

ಅವರು ಮೊದಲು ಮಾಡಿದ ಕೆಲಸ, ಒಂದು ಹಾಳೆಯ ಮಧ್ಯೆ ಗೆರೆ ಎಳೆದು ಒಂದು ಕಡೆ ನಮ್ಮನೆಯವರು ಲ್ಯಾಂಡ್ ಆದ (ಪಿಆರ್ ಆಗಿ ಬಂದಿಳಿದ) ದಿನ, ಇನ್ನೊಂದು ಕಡೆ ನನ್ನದು ಬರೆದಿದ್ದು. ನಂತರ ಒಂದೊಂದನ್ನೇ ಹೇಳುತ್ತಾ ಹೋದರು. ಮ್ಯೂಸಿಯಂ, ಪಾರ್ಕ್‌ಗಳಿಗೆ ಉಚಿತ ಪ್ರವೇಶ ಕೊಡುವ ಕಾನೂ ಆ್ಯಪ್ ಪಿಆರ್ ಆದ 5 ವರ್ಷದೊಳಗಿನವರಿಗೆ, ನನ್ನ 5 ವರ್ಷ ನನ್ನ ದಿನದಿಂದಲೇ ಲೆಕ್ಕ. ಪೌರತ್ವಕ್ಕೆ ಬೇಕಾದ 1,095 ದಿನವೂ ಹಾಗೇ, ಅವರವರದು ಅವರವರಿಗೆ. ಬ್ಯಾಂಕಿನಲ್ಲಿ ನನ್ನನ್ನು ಅವರ ಖಾತೆಗೆ ಸೇರಿಸಿ ಮುಗಿಸೋಣ ಅಂತಿದ್ದೆವು. ಬೇಡ, ಹೊಸಬರ ಪ್ಯಾಕೇಜ್ ನಿಮ್ಮ ಹೆಸರಿನಲ್ಲೇ ಕೇಳಿ, ಕ್ರೆಡಿಟ್ ಕಾರ್ಡೂ ನಿಮ್ಮದೇ ಇರಲಿ, ಗಂಡನ ಕಾರ್ಡಿಗೆ ಸೇರಿಕೊಂಡರೆ ನಿಮ್ಮ ಕ್ರೆಡಿಟ್ ಹಿಸ್ಟರಿ (ಸಾಲ ತೀರಿಸಿದ ದಾಖಲೆ) ಬೆಳೆಯುತ್ತೆ ಅನ್ನುವ ಖಾತ್ರಿ ಇಲ್ಲ ಅಂದರು. ಕೇಳಿದೆ, ಕೊಟ್ಟರು.

ಆ ಖಾತೆಯಿಂದ ಇನ್ನೊಂದು ದೊಡ್ಡ ಉಪಕಾರ ಆಯಿತು. ನಮ್ಮ ಪ್ರಾಂತ್ಯ ಒಂಟಾರಿಯೋದ ಆರೋಗ್ಯ ಕಾರ್ಡಿಗೆ ಮೊದಲಿದ್ದ ಮೂರು ತಿಂಗಳ ಕಾಯುವಿಕೆ 2020ರಲ್ಲೇ ಹೋಗಿದೆ, ಆದರೆ ವಿಳಾಸಕ್ಕೆ ಪುರಾವೆ ಬೇಕು. ಮನೆ ಬಾಡಿಗೆ, ಕರೆಂಟ್, ಇಂಟರ್‌ನೆಟ್, ಎಲ್ಲಾ ಅವರ ಹೆಸರಿನಲ್ಲೇ! ಹಿಂದೆ ಬರುವ ಹೆಂಡತಿಗೆ ಇದೇ ತೊಂದರೆ. ಅಂಚೆಯಲ್ಲಿ ನನ್ನ ಹೆಸರಿಗೆ ಬಂದ ಬ್ಯಾಂಕ್ ಸ್ಟೇಟ್‌ಮೆಂಟ್ ತೋರಿಸಿದ ಮೇಲೆ ಕೆಲಸ ಆಯಿತು.

ಇನ್ನು ದುಡ್ಡಿನ ವಿಷಯ. ಇಲ್ಲಿ ಲೆಕ್ಕ ಉಲ್ಟಾ, ಇಬ್ಬರನ್ನೂ ಒಂದೇ ಮನೆ ಅಂತ ನೋಡುತ್ತಾರೆ. ಜಿಎಸ್‌ಟಿ ಕ್ರೆಡಿಟ್, ಅಂದರೆ ಆದಾಯ ಕಡಿಮೆ ಇರುವವರಿಗೆ ಸರ್ಕಾರ ಕೊಡುವ ದುಡ್ಡು, ಗಂಡ ಹೆಂಡತಿಯಲ್ಲಿ ಒಬ್ಬರಿಗೇ ಬರುತ್ತೆ. ನಾನಿನ್ನೂ ಹಾಸನದಲ್ಲಿದ್ದಾಗ ಪರಿಚಯದವರೊಬ್ಬರು ನಮ್ಮನೆಯವರಿಗೆ, ಹೆಂಡತಿ ಜೊತೆಯಲ್ಲಿಲ್ಲ ಅಲ್ವಾ, ಬೇರೆಯಾಗಿದ್ದೇವೆ ಅಂತ ಟಿಕ್ ಹಾಕಿ, ಜಾಸ್ತಿ ಬರುತ್ತೆ ಅಂದಿದ್ದರಂತೆ. ಇದೇ ಕೌನ್ಸೆಲರ್ ಆಗ ಅವರನ್ನು ತಡೆದಿದ್ದು. ಸಂಸಾರ ಮುರಿದು 90 ದಿನ ಬೇರೆ ಇದ್ದರೆ ಮಾತ್ರ ತೆರಿಗೆ ಇಲಾಖೆಗೆ ಅದು ಬೇರೆಯಾಗಿದ್ದ ಹಾಗೆ, ವೀಸಾ ಟಿಕೆಟ್ ಕಾರಣಕ್ಕೆ ದೂರ ಇದ್ದರೆ ಅಲ್ಲ. ನಮ್ಮನೆಯವರು ವಿವಾಹಿತ ಅಂತಲೇ ಬರೆದು, ಈ ಕ್ರೆಡಿಟ್‌ಗೆ ಹೊಸಬರು ಹಾಕುವ ಆರ್‌ಸಿ151 ಫಾರಂನಲ್ಲಿ ನನ್ನ ಕಾಲೇಜಿನ ಸಂಬಳವನ್ನೂ ಡಾಲರ್‌ಗೆ ಬದಲಾಯಿಸಿ ತೋರಿಸಿದರು. ದಯವಿಟ್ಟು ಈ ಒಂದು ವಿಷಯದಲ್ಲಿ ಯಾರ ಮಾತೂ ಕೇಳಬೇಡಿ, ಆಮೇಲೆ ಬಂದ ದುಡ್ಡನ್ನು ವಾಪಸ್ ಕಟ್ಟಬೇಕಾಗುತ್ತೆ.

ಮಕ್ಕಳ ಭತ್ಯೆ, ಅಂದರೆ ಸಿಸಿಬಿ, ಮಗು ಯಾರ ಜೊತೆ ಇದೆಯೋ ಅವರಿಗೆ. ಮಗಳು ನನ್ನ ಜೊತೆ ಊರಲ್ಲಿದ್ದ ಎಂಟು ತಿಂಗಳಿಗೆ ಅವರಿಗೆ ಏನೂ ಸಿಗಲಿಲ್ಲ, ಅದು ಸರಿಯೇ. ಅಪ್ಪ ಅಮ್ಮ ಒಟ್ಟಿಗೆ ಇದ್ದರೆ ಸಾಮಾನ್ಯವಾಗಿ ತಾಯಿಯೇ ಅರ್ಜಿ ಹಾಕಬೇಕು, ಹಾಗಾಗಿ ಆ ಅರ್ಜಿ ಫಾರಂ ಆರ್‌ಸಿ66 ನಾನೇ ತುಂಬಿದೆ. ಜೊತೆಗೆ ಹೊಸಬರು ಕೊಡಬೇಕಾದ ಇನ್ನೊಂದು ಹಾಳೆ ಇದೆ, ಕೆನಡಾಗೆ ಬರುವ ಮೊದಲಿನ ಇಬ್ಬರ ಆದಾಯವನ್ನೂ ಅದರಲ್ಲಿ ಕೇಳುತ್ತಾರೆ. ಹಾಸನದ ಜನನ ಪ್ರಮಾಣಪತ್ರದಲ್ಲಿ ಕನ್ನಡದ ಜೊತೆ ಇಂಗ್ಲಿಷೂ ಇದ್ದಿದ್ದರಿಂದ ಅನುವಾದದ ಗೋಜು ಬರಲಿಲ್ಲ. ಅಕಸ್ಮಾತ್ ಮಗು ಮೊದಲು ಬಂದವರ ಜೊತೆ ಇದ್ದು ಇನ್ನೊಬ್ಬರು ಹೊರದೇಶದಲ್ಲೇ ಇದ್ದರೆ, ಅವರ ಆದಾಯಕ್ಕೆ ಸಿಟಿಬಿ9 ಅಂತ ಬೇರೆ ಫಾರಂ ಇದೆ.

ಒಂದು ಕೊರತೆ ಹೇಳಲೇಬೇಕು. ಪಿಆರ್ ಒಪ್ಪಿಗೆ ಆದವರಿಗೆ ಭಾರತದಲ್ಲಿ ಇರುವಾಗಲೇ ಆನ್‌ಲೈನ್‌ನಲ್ಲಿ ಉಚಿತ ಸಲಹೆ ಸಿಗುತ್ತೆ. ಇದನ್ನು ನಮ್ಮನೆಯವರ ಮೊದಲ ಭೇಟಿಯಲ್ಲೇ ಹೇಳಬಹುದಿತ್ತು. ಹೇಳಿದ್ದರೆ ನನ್ನ ಒಡವೆಗಳ ಪಟ್ಟಿ, ಫೋಟೋ, ಬೆಲೆ ಚೀಟಿ ಊರಲ್ಲೇ ಮಾಡಿಕೊಂಡು ಬರುತ್ತಿದ್ದೆ. ವಿಮಾನದಲ್ಲಿ ಕೂತು, ಅಜ್ಜಿ ಕೊಟ್ಟ ಬಳೆ, ಮಾಂಗಲ್ಯದ ಸರ ಅಂತ ನೆನಪಿನಿಂದ ಬರೆದೆ. ಲ್ಯಾಂಡ್ ಆಗುವ ದಿನ ಕಸ್ಟಮ್ಸ್‌ನಲ್ಲಿ ಅದನ್ನು ತೋರಿಸಬೇಕು, ಗಂಡನ ಪಟ್ಟಿ ಇದೆ ಅಂತ ಬಿಡಬೇಡಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಕಳೆದ ಒಂದು ಅಂಕ ಫೋನಿನಲ್ಲಿ ಸಿಕ್ಕ ಉತ್ತರಕ್ಕೆ. ಹೋಗುವಾಗ ಇಬ್ಬರ ಪಿಆರ್ ಕಾಗದ, ಪಾಸ್‌ಪೋರ್ಟ್, ಊರಿನ ಸಂಬಳದ ಚೀಟಿ ಇಟ್ಟುಕೊಳ್ಳಿ, ಮತ್ತೆ ಫೈಲ್ ನನ್ನ ಹೆಸರಿನಲ್ಲೇ ತೆರೆಯಿರಿ ಅಂತ ಬಾಗಿಲಲ್ಲೇ ಹೇಳಿ.